ಕೋಳಿ ಕುಡಿಯುವ ತನಕ

ಭೀಮನಬೀಡಿನ ರಂಗರಾಜುವಿಗೆ ಲೋಕದ ಮೇಲೆ ಹೆಚ್ಚಿನ ದೂರುಗಳೇನೂ ಇರಲಿಲ್ಲ. ಇದ್ದದ್ದು ಒಂದೇ ಒಂದು: ತನ್ನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ ಎಂಬುದು. ಹೆಂಡತಿ ಕೇಳುವುದಿಲ್ಲ, ಅವ್ವ ಕೇಳುವುದಿಲ್ಲ. ಹೋಗಲಿ, ಅವರಿಬ್ಬರೂ ಮನುಷ್ಯರು, ಅವರಿಗೂ ಸ್ವಂತ ಬುದ್ಧಿ ಅಂತ ಒಂದಿರುತ್ತದೆ. ಆದರೆ ಕೋಳಿಗಳೂ ಕೇಳದಿದ್ದರೆ ಯಾರಿಗೆ ಹೇಳಿಕೊಳ್ಳುವುದು? ಹಿತ್ತಲಿನ ಶೆಡ್ಡಿನಲ್ಲಿದ್ದ ಆರುನೂರು ಕೋಳಿಗಳಲ್ಲಿ ಒಂದಾದರೂ ಅವನು ಕರೆದಾಗ ಕತ್ತು ತಿರುಗಿಸಿ ನೋಡಿದ್ದಿಲ್ಲ. ಅದೇ ಅವನ ಹೆಂಡತಿ ಶಿವರಂಜಿನಿ ಬಟ್ಟೆ ಒಣಗಿಹಾಕಲು ಆ ಕಡೆ ಹಾದುಹೋದರೂ ಸಾಕು, ಅವಳ ಬಳೆ ಸದ್ದಿಗೇ ಆರುನೂರೂ ಎದ್ದು ನಿಲ್ಲುತ್ತಿದ್ದವು. (ದಿನಾ ಫೀಡು ಹಾಕುವವಳು ಅವಳೇ ಎಂಬ ಸಣ್ಣ ಸಂಗತಿಯನ್ನು ರಂಗರಾಜು ಈ ಕತೆ ಹೇಳುವಾಗ ಬಿಟ್ಟುಬಿಡುತ್ತಿದ್ದ.)

ಕೋಳಿ ಶೆಡ್ಡು ಅವನದೇ ಐಡಿಯ. ಕೇರಳದವರು ಕೋಳಿ ತಿನ್ನುವುದನ್ನು ಬಿಡುವ ತನಕ ಗುಂಡ್ಲುಪೇಟೆ ತಾಲ್ಲೂಕಿನವನಿಗೆ ಉಪವಾಸವಿಲ್ಲ ಎಂಬುದು ಅವನು ಬಿ.ಎ. ಓದಿ ಕಂಡುಕೊಂಡ ಅರ್ಥಶಾಸ್ತ್ರ. ಗಡಿಯಾಚೆ ಬತ್ತೇರಿಯಿಂದ ಜೀಪು ಬರುತ್ತದೆ, ಕೋಳಿ ಹೋಗುತ್ತದೆ, ನಾವು ಜಗಲಿ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು ಕೂರುವುದು. ಮೊದಲ ಬ್ಯಾಚು ಹಾಗೆಯೇ ಹೋಯಿತು. ಎರಡನೆಯದಕ್ಕೆ ಕೊಕ್ಕರೆ ರೋಗ ಬಡಿಯಿತು. ಸಂಜೆ ಚೆನ್ನಾಗಿ ಮೇಯುತ್ತಿದ್ದ ಮರಿಗಳು ಬೆಳಗಾಗುವಷ್ಟರಲ್ಲಿ ಕತ್ತು ತಿರುಚಿಕೊಂಡು ಮೂಲೆ ಹಿಡಿದವು, ಒಂದು ವಾರ ಕಳೆಯುವುದರೊಳಗೆ ಶೆಡ್ಡು ಖಾಲಿ.

ಲಸಿಕೆ ಹಾಕಿರಲಿಲ್ಲವೇ ಅಂತೀರಾ? ಹಾಕಿದ್ದ. ಹೇಗೆ ಹಾಕಿದ್ದ ಎನ್ನುವುದರಲ್ಲಿದೆ ಅವನ ಮಹಿಮೆ. ಕುಡಿಯುವ ನೀರಿಗೆ ಬೆರೆಸಿ ಕೊಡುವ ಲಸಿಕೆ ಅದು. ರಂಗರಾಜು ಮಟಮಟ ಮಧ್ಯಾಹ್ನ ಅದನ್ನು ಕಲಸಿ, ಆಗಷ್ಟೇ ಹೊಟ್ಟೆ ತುಂಬ ನೀರು ಕುಡಿದು ಮಲಗಿದ್ದ ಕೋಳಿಗಳ ಮುಂದಿಟ್ಟು, ಬೇಕಾದಾಗ ಕುಡಿದುಕೊಳ್ಳಲಿ ಎಂದು ತಾನೂ ಹೋಗಿ ಮಲಗಿದ್ದ. ಲಸಿಕೆ ಬಿಸಿಲಿಗೆ ಸತ್ತಿತು, ಕೋಳಿಗಳು ರೋಗಕ್ಕೆ ಸತ್ತವು. ಶಿವರಂಜಿನಿ ಹಿತ್ತಲಲ್ಲಿ ಗುಂಡಿ ತೋಡಿಸಿ, ಸುಣ್ಣ ಸುರಿದು ಮುಚ್ಚಿಸಿ, ಆ ಮಣ್ಣಿನ ಪಕ್ಕದಲ್ಲೇ ಕೂತು ಅತ್ತಳು. ಸಮಾಧಾನ ಮಾಡೋಣವೆಂದು ಹತ್ತಿರ ಹೋದ ರಂಗರಾಜು ಗುದ್ದಲಿ ಎತ್ತಿಟ್ಟು ಬಂದ.

ಆಮೇಲೆ ಆದದ್ದೇ ಒಪ್ಪಂದ. ಶಿವರಂಜಿನಿಯ ಅಣ್ಣ ನೀಲಕಂಠಸ್ವಾಮಿಗೆ ಚಾಮರಾಜನಗರದಲ್ಲಿ ಅರಿಶಿನದ ಮಂಡಿ. ಅಲ್ಲಿ ಕೂರಲು ನಂಬಿಕಸ್ತನೊಬ್ಬ ಬೇಕು ಎಂದು ಅವನು ಎರಡು ವರ್ಷದಿಂದ ಹೇಳಿ ಕಳಿಸುತ್ತಲೇ ಇದ್ದ. ಭಾವನ ಕೈಕೆಳಗೆ, ಭಾವ ಕೂರುವ ಗಾದಿಯ ಪಕ್ಕದ ಚಾಪೆಯ ಮೇಲೆ, ಹುಬ್ಬಿನ ತನಕ ಹಳದಿಯಾಗಿ ಕೂತು ಕರೆದಾಗಲೆಲ್ಲ "ಬಂದೆ ಭಾವ" ಅನ್ನುವ ಬಾಳನ್ನು ನೆನೆದರೇ ರಂಗರಾಜುವಿಗೆ ಅನ್ನ ಸೇರುತ್ತಿರಲಿಲ್ಲ. ಶಿವರಂಜಿನಿ ಚಾಮರಾಜನಗರದ ಪೇಟೆಯಲ್ಲಿ ಬೆಳೆದವಳು, ಮಾತು ಚುಟುಕು.

"ಇನ್ನೊಂದು ಬ್ಯಾಚು ಬಿಡೋಣ. ಇದೂ ಹೋದ್ರೆ ಶೆಡ್ಡಿಗೆ ಬೀಗ. ನೀವು ಅಣ್ಣನ ಮಂಡಿಗೆ," ಅಂದಳು.

ರಂಗರಾಜು ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ, ಗುಂಡಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು.

ಮೂರನೆಯ ಬ್ಯಾಚಿನ ಮರಿಗಳು ಬಂದ ವಾರದಲ್ಲೇ ಚಾಮರಾಜನಗರದಲ್ಲಿ ಕೋಳಿ ಸಾಕುವವರಿಗೆ ಒಂದು ದಿನದ ತರಬೇತಿ ನಡೆಯಿತು. ರಂಗರಾಜು ಹೋದವನು ಮೊದಲ ಸಾಲಿನಲ್ಲಿ ಕೂತು ಕೇಳಿದ. ಅವನ ಜೀವನದಲ್ಲಿ ಮೊದಲ ಸಾಲಿನಲ್ಲಿ ಕೂತದ್ದೇ ಅದೊಂದು ಸಲ. ಸಂಜೆ ಬಸ್ಸಿಳಿದು ಬರುವಾಗ ಅವನ ನಡಿಗೆಯೇ ಬದಲಾಗಿತ್ತಂತೆ. ಕೈಕಾಲು ತೊಳೆಯುವುದಕ್ಕೂ ಮೊದಲು ಅವ್ವನನ್ನೂ ಹೆಂಡತಿಯನ್ನೂ ನಡುಮನೆಯಲ್ಲಿ ಕೂರಿಸಿ ಉಪನ್ಯಾಸ ಶುರು ಮಾಡಿದ.

ಕುಕ್ಕುಟ ಕುಲದ ರಕ್ಷಣೆಯ ಗುಟ್ಟೆಲ್ಲ ಬಾಯಾರಿಕೆಯಲ್ಲಿದೆ ಎಂಬುದು ಉಪನ್ಯಾಸದ ಸಾರ. ಲಸಿಕೆ ಕೊಡುವ ಎರಡು ಗಂಟೆ ಮುಂಚಿನಿಂದ ಕೋಳಿಗಳಿಗೆ ಒಂದು ಹನಿ ನೀರೂ ಸಿಗಬಾರದು. ಚೆನ್ನಾಗಿ ಬಾಯಾರಿದ ಕೋಳಿ ಲಸಿಕೆ ನೀರನ್ನು ಗಟಗಟ ಕುಡಿದು ಮುಗಿಸುತ್ತದೆ. ಬಾಯಾರದ ಕೋಳಿ ಮುಟ್ಟುವುದಿಲ್ಲ, ಮುಟ್ಟದೆ ಹೊತ್ತು ಹೋದರೆ ಲಸಿಕೆ ಸಾಯುತ್ತದೆ. ಪಂಚಾಯಿತಿ ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ, ಅದು ಬೇಡ, ಹಳೇ ಬಾವಿಯದೇ ಆಗಬೇಕು. ತಗಡಿನ ಪಾತ್ರೆ ಕೂಡದು, ಪ್ಲಾಸ್ಟಿಕ್ಕೇ ಇರಬೇಕು. ಬಕೆಟ್ಟನ್ನು ಸೋಪಿನಲ್ಲಿ ತೊಳೆಯಬಾರದು. ಬಿಸಿಲಿಳಿದ ಮೇಲೆ, ಐಸಿನಲ್ಲಿಟ್ಟ ಲಸಿಕೆಯನ್ನು ತೆಗೆದು ಹಾಲಿನ ಪುಡಿ ಕದಡಿದ ನೀರಿಗೆ ಬೆರೆಸಬೇಕು.

"ಹಾಲಿನ್ ಪುಡಿಯಾ?" ಅವ್ವ ಮಲ್ಲಿಗಮ್ಮ ಕೇಳಿದಳು. "ಬಾಣಂತಿಗೂ ಇಷ್ಟು ಉಪ್ಚಾರ ಇಲ್ಲ ಕಣಪ್ಪ."

ಹಾಲಿನ ಪುಡಿಯನ್ನಾದರೂ ಅವಳು ನುಂಗಿಕೊಂಡಾಳು. ನುಂಗಲಾಗದೆ ಗಂಟಲಲ್ಲಿ ಸಿಕ್ಕಿದ್ದು ಆ ಎರಡು ಗಂಟೆ. ಮಲ್ಲಿಗಮ್ಮ ಬೇಸಿಗೆ ಬಂತೆಂದರೆ ಬೀದಿನಾಯಿಗೂ ಬಾಗಿಲಲ್ಲಿ ಚಟ್ಟಿ ತುಂಬ ನೀರಿಡುವ ಹೆಂಗಸು. ಹಿಂದೆ ಒಮ್ಮೆ ಸಾಲಕ್ಕೆ ತಗಾದೆ ಮಾಡಲು ಬಂದವನಿಗೂ ಮೊದಲು ನೀರು ಬೆಲ್ಲ ಕೊಟ್ಟು, ಆಮೇಲೆ ಬೈದು ಕಳಿಸಿದ್ದಳು. ಈ ಇಡೀ ಕಾರ್ಯಾಚರಣೆಗೆ ಯಾರಿಂದಾದರೂ ಅಪಾಯವಿದ್ದರೆ ಅದು ಅವ್ವನಿಂದಲೇ ಎಂದು ರಂಗರಾಜು ತರಬೇತಿಯಲ್ಲಿ ಕೂತಾಗಲೇ ಲೆಕ್ಕ ಹಾಕಿದ್ದ. ಆಣೆ ಮಾಡಿಸಿಕೊಳ್ಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ತೀರ್ಪು ಕೊಟ್ಟಳು.

"ಬಾಯಿಲ್ಲದ ಜೀವ್ಗಳ ಗಂಟ್ಲು ಒಣಗಿಸ್ಬುಟ್ಟು ನಾವು ಕುಂತ್ಕಂಡು ಕಾಪಿ ಕುಡಿಯದಾ? ನಮ್ಮಪ್ಪನ ಮನೇಲಿ ದನಕ್ಕೆ ನೀರು ಕುಡಿಸ್ದೆ ಯಾರೂ ತಂಬಿಗೆ ಮುಟ್ತಿರ್ಲಿಲ್ಲ. ಆಗ್ಲಿ, ಔಸ್ದಿ ಅಂತೀಯ, ಒಣಗಿಸು. ಆದ್ರೆ ಕೋಳಿ ಕುಡಿಯಗಂಟ ಈ ಮನೇಲೂ ಯಾರೂ ಏನೂ ಕುಡಿಯಂಗಿಲ್ಲ."

ರಂಗರಾಜು ಒಳಗೊಳಗೇ ಹಿಗ್ಗಿದ. ಕಳ್ಳ ತಾನಾಗಿಯೇ ಬಂದು ಠಾಣೆಯಲ್ಲಿ ಕೂತಂತಾಯಿತು, ಇನ್ನೇನು ಬೇಕು? ಎರಡು ಗಂಟೆ ತಾನೇ, ತಾನೂ ಕುಡಿಯುವುದಿಲ್ಲ ಎಂದು ದೊಡ್ಡ ಮನಸ್ಸು ಮಾಡಿ ಒಪ್ಪಿಬಿಟ್ಟ. ಆ ಎರಡು ಗಂಟೆಯ ನಡುವೆ ಸಾಯಂಕಾಲದ ಕಾಫಿ ಬರುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಲಸಿಕೆಗೆ ಗೊತ್ತು ಮಾಡಿದ ದಿನ ಊಟ ಮುಗಿಸಿ ಗುಂಡ್ಲುಪೇಟೆಗೆ ಹೋದ. ಅಲ್ಲಿ ಮಹಬೂಬ್ ಎಂಬವನ ಅಂಗಡಿಯಲ್ಲಿ ಕೋಳಿ ಫೀಡು, ಕೋಳಿ ಔಷಧಿ ಎರಡೂ ಸಿಗುತ್ತವೆ. ಮಹಬೂಬ್ ಫ್ರಿಜ್ಜಿನಿಂದ ಸಣ್ಣ ಸೀಸೆ ತೆಗೆದು, ರಂಗರಾಜು ತಂದಿದ್ದ ಫ್ಲಾಸ್ಕಿನೊಳಗೆ ಐಸಿನ ನಡುವೆ ಇಳಿಸಿ, "ದಾರೀಲಿ ಎಲ್ಲೂ ನಿಂತ್ಕೋಬೇಡಿ ಅಣ್ಣ," ಎಂದು ಕಳಿಸಿದ. ರಂಗರಾಜು ಬಸ್ಸಿನಲ್ಲಿ ಫ್ಲಾಸ್ಕನ್ನು ತೊಡೆಯ ಮೇಲೆ ಹಸುಗೂಸಿನಂತೆ ಅವಚಿ ಕೂತ. ಪಕ್ಕದ ಮುದುಕಿ ಒಂದೆರಡು ಸಲ ಫ್ಲಾಸ್ಕನ್ನು ನೋಡಿದವಳು ಕೊನೆಗೆ ತಡೆಯಲಾರದೆ, ಒಂಚೂರು ಕಾಫಿ ಇದ್ದರೆ ಕೊಡಪ್ಪ ಅಂದಳು. ಕಾಫಿಯಲ್ಲ, ಕೋಳಿಗೆ ಔಷಧಿ ಅಂದ. ಮುದುಕಿ ಅವನ ಮುಖವನ್ನೂ ಫ್ಲಾಸ್ಕನ್ನೂ ಇನ್ನೊಮ್ಮೆ ನೋಡಿ, ಕೊಡಲು ಮನಸ್ಸಿಲ್ಲದವರು ಏನೆಲ್ಲ ಹೇಳುತ್ತಾರಪ್ಪ ಎಂದು ಕಿಟಕಿ ಕಡೆ ತಿರುಗಿ ಕೂತಳು.

ಮೂರು ಗಂಟೆಗೆ ಸರಿಯಾಗಿ ಜಲಬಂಧನ ಶುರುವಾಯಿತು. ಶೆಡ್ಡಿನೊಳಗಿದ್ದ ನೀರಿನ ತಟ್ಟೆಗಳನ್ನೆಲ್ಲ ರಂಗರಾಜು ಖುದ್ದಾಗಿ ಹೊತ್ತು ತಂದು, ಬಾವಿ ನೀರಿನಲ್ಲಿ ಉಜ್ಜಿ, ಜಗಲಿ ಮೇಲೆ ಬೋರಲು ಹಾಕಿದ. ಶೆಡ್ಡಿಗೆ ಬೀಗ ಜಡಿದು ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡ. ನಾಯಿಯ ಚಟ್ಟಿಯನ್ನೂ ಎತ್ತಿ ಅಟ್ಟದ ಮೇಲಿಟ್ಟ. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಅವ್ವನ ಕಡೆಗೊಂದು ಕಣ್ಣು, ಶೆಡ್ಡಿನ ಕಡೆಗೊಂದು ಕಣ್ಣು ನೆಟ್ಟು ಕಾವಲು ಕೂತ.

ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮರಿಗಳು ಕೊಕ್ಕು ಬಿಟ್ಟು ಏದುಸಿರು ಬಿಡತೊಡಗಿದವು. ಜಾಲರಿಯಾಚೆಯಿಂದ ಅವು ತನ್ನನ್ನೇ ನೋಡುತ್ತಿವೆ ಎಂದು ರಂಗರಾಜುವಿಗೆ ಅನ್ನಿಸಿತು. ಕರೆದಾಗ ಬಾರದ ಕೋಳಿಗಳು ಈಗ ಬಾಯಿಬಿಟ್ಟು ನೋಡಿದರೆ ಎಂಥವನಿಗೂ ಕಷ್ಟ. ಅವ್ವನಿಗೆ ಕಾಣದಂತೆ ಅವನೂ ಒಮ್ಮೆ ಕಣ್ಣೊರೆಸಿಕೊಂಡ. ಕುಡಿಯಲು ಕೊಡುವಂತಿಲ್ಲ, ಸೆಕೆಯನ್ನಾದರೂ ತಗ್ಗಿಸೋಣ ಎಂದು, ಬೇಸಿಗೆಯಲ್ಲಿ ದಿನಾ ಮಾಡುವಂತೆ, ಶೆಡ್ಡಿನ ಮಗ್ಗುಲಿಗೆ ಇಳಿಬಿಟ್ಟಿದ್ದ ಗೋಣಿತಾಟುಗಳಿಗೆ ಪೈಪು ಹಿಡಿದು ನೀರು ಹೊಡೆದ. ಅಂದು ಕನಿಕರ ಜಾಸ್ತಿಯಾಗಿದ್ದರಿಂದ ದಿನಕ್ಕಿಂತ ಒಂದು ಕೈ ಮೇಲಾಗಿಯೇ ಹೊಡೆದ. ಒಳಗೆ ತಂಪಾಯಿತು. ಮರಿಗಳ ಏದುಸಿರು ನಿಂತಿತು. ನೋಡಿದೆಯಾ, ಜೀವದಯೆ ಇರುವವನಿಗೆ ದಾರಿ ತಾನಾಗಿ ಹೊಳೆಯುತ್ತದೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡು ಮತ್ತೆ ಕುರ್ಚಿಗೆ ಬಂದ.

ನಾಲ್ಕು ಗಂಟೆಯಾಯಿತು. ಅಕ್ಕಪಕ್ಕದ ಮನೆಗಳಿಂದ ಕಾಫಿಯ ಘಮ ಬರತೊಡಗಿತು. ಮೊದಲು ರಂಗರಾಜುವಿನ ನಾಲಿಗೆ ಒಣಗಿತು, ಆಮೇಲೆ ತಲೆ ಸಿಡಿಯತೊಡಗಿತು. ಮೆಲ್ಲಗೆ ಅಡುಗೆಮನೆಗೆ ಹೋಗಿ ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆದು ಒಂದು ಸಲ ದೀರ್ಘವಾಗಿ ಮೂಸಿ ಮತ್ತೆ ಮುಚ್ಚಿಟ್ಟ. (ಮೂಸುವುದಕ್ಕೆ ಅವ್ವನ ಕಾನೂನಿನಲ್ಲಿ ನಿಷೇಧವಿರಲಿಲ್ಲ.) ಮಲ್ಲಿಗಮ್ಮ ಕಂಬಕ್ಕೊರಗಿ ಕೂತು ತುಟಿ ಬಿಗಿದುಕೊಂಡಿದ್ದಳು. ಎಲೆ ಅಡಿಕೆಯನ್ನೂ ಬಾಯಿಗೆ ಹಾಕಿರಲಿಲ್ಲ, ಹಾಕಿದರೆ ಬಾಯಿ ನೆನೆಯುತ್ತದಂತೆ. ಶಿವರಂಜಿನಿ ಮಾತಾಡಿದರೆ ಗಂಟಲೊಣಗುತ್ತದೆಂದು ಸುಮ್ಮನಿದ್ದಳು. ಅದೊಂದು ಲಾಭ ಎಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು.

ಇಳಿದವನು ನೀಲಕಂಠಸ್ವಾಮಿ. ಆಳು ಭಾರಿ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸು, ಅಲ್ಲಿಂದ ಆಟೋದಲ್ಲಿ ಏಳು ಜನರ ನಡುವೆ ಹಿಂಡಿಸಿಕೊಂಡು ಬಂದಿದ್ದ. ಅಂಗಿ ಮೈಗಂಟಿತ್ತು. ಸುತ್ತಮುತ್ತಲ ಊರುಗಳಲ್ಲಿ ಮತ್ತೆ ಕೊಕ್ಕರೆ ರೋಗ ಶುರುವಾಗಿದೆಯಂತೆ ಎಂದು ಮಂಡಿಯಲ್ಲಿ ಕೇಳಿ, ತಂಗಿಯ ಮನೆಯ ಸ್ಥಿತಿ ನೋಡಿ, ಆಗುವುದಾದರೆ ರಂಗರಾಜುವನ್ನು ಜೊತೆಯಲ್ಲೇ ಕರೆದುಕೊಂಡು ಹೋಗೋಣ ಎಂದು ಬಂದವನು. ಚಪ್ಪಲಿ ಬಿಡುತ್ತಲೇ ತಂಗಿಯನ್ನು ಕರೆದು, ಮೊದಲು ಒಂದು ಚೆಂಬು ನೀರು ಕೊಡವ್ವ ಅಂದ.

ಶಿವರಂಜಿನಿ ಅತ್ತೆಯ ಮುಖ ನೋಡಿದಳು. ಮಲ್ಲಿಗಮ್ಮನ ಮುಖದಲ್ಲಿ ಎರಡು ಧರ್ಮಗಳು ಕುಸ್ತಿಗೆ ಬಿದ್ದವು. ಬಂದ ನೆಂಟನಿಗೆ ನೀರು ಕೊಡದ ಮನೆ ಮನೆಯಲ್ಲ. ಅದರಲ್ಲೂ ಸೊಸೆಯ ಅಣ್ಣ. ಆದರೆ ಒಂದು ಸಲ ಆಡಿದ ಮಾತು? ಹಿತ್ತಲಲ್ಲಿ ಬಾಯಾರಿ ಕೂತ ಆರುನೂರು ಜೀವ? ಸ್ವಲ್ಪ ಹೊತ್ತು ಒದ್ದಾಡಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ವಸಿ ತಡ್ಕಳಪ್ಪ ನೀಲಕಂಠ. ಕೋಳಿ ಕುಡಿದ್ಮೇಲೆ ನಿಂಗೂ ಕೊಟ್ಟೇವು," ಅಂದಳು.

ನೀಲಕಂಠಸ್ವಾಮಿ ನೆಂಟರ ಮನೆಗಳಲ್ಲಿ ಹಲವು ಬಗೆಯ ಅವಮಾನ ಕಂಡವನು. ಉಪ್ಪಿಲ್ಲದ ಸಾರು ಉಂಡಿದ್ದಾನೆ, ಮುರುಕು ಕುರ್ಚಿಯಲ್ಲಿ ಕೂತು ಬಿದ್ದಿದ್ದಾನೆ. ಕೋಳಿಯ ಹಿಂದೆ ಸಾಲಿನಲ್ಲಿ ನಿಂತದ್ದು ಮಾತ್ರ ಇದೇ ಮೊದಲು. ರಂಗರಾಜು ಓಡಿ ಬಂದು ತರಬೇತಿಯಲ್ಲಿ ಕೇಳಿದ್ದನ್ನೆಲ್ಲ ಮೊದಲಿಂದ ವಿವರಿಸತೊಡಗಿದ. ಅರ್ಧಕ್ಕೆ ಬರುವಷ್ಟರಲ್ಲಿ ನೀಲಕಂಠಸ್ವಾಮಿ ಕೈಯೆತ್ತಿ ತಡೆದು, ನೀನು ಕುಡಿದಿದ್ದೀಯಾ ಎಂದಷ್ಟೇ ಕೇಳಿದ. ನೀರನ್ನೂ ಕುಡಿದಿಲ್ಲ ಭಾವ ಎಂದು ರಂಗರಾಜು ಪ್ರಾಮಾಣಿಕವಾಗಿ ಹೇಳಿದ.

ಐದು ಗಂಟೆಗೆ ಶುಭ ಮುಹೂರ್ತ. ರಂಗರಾಜು ಬಾವಿ ನೀರಿಗೆ ಹಾಲಿನ ಪುಡಿ ಕದಡಿದ, ಫ್ಲಾಸ್ಕಿನಿಂದ ಸೀಸೆ ತೆಗೆದು ನೀರಿನಲ್ಲಿ ಮುಳುಗಿಸಿಯೇ ಮುಚ್ಚಳ ಬಿಚ್ಚಿದ, ಕೈಯಿಂದಲ್ಲ, ತೊಳೆದ ಕೋಲಿನಿಂದ ತಿರುವಿದ. ಈ ಬಕೆಟ್ಟಿನಲ್ಲಿರುವುದು ತನ್ನ ಸ್ವಾತಂತ್ರ್ಯ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಟ್ಟೆಗಳನ್ನು ತುಂಬಿ, ಬೀಗ ತೆಗೆದು, ಒಳಗೆ ಸಾಲಾಗಿ ಇಟ್ಟು, ಈಗ ನುಗ್ಗುತ್ತವೆ ನೋಡಿ ಎಂದು ಮೂವರಿಗೂ ಹೇಳಿ ಬದಿಗೆ ಸರಿದು ನಿಂತ.

ಒಂದು ಕೋಳಿ ಬಂತು. ಕೊಕ್ಕು ಅದ್ದಿತು, ತಲೆಯೆತ್ತಿ ರಂಗರಾಜುವನ್ನು ನೋಡಿತು, ನೆಲಕ್ಕೆ ಹಾಸಿದ್ದ ಹೊಟ್ಟು ಕೆದಕುತ್ತ ಹೊರಟುಹೋಯಿತು. ಇನ್ನೊಂದು ಬಂದು ತಟ್ಟೆಯನ್ನು ಸುತ್ತಿ ಹೋಯಿತು. ಉಳಿದವು ಪಡುವಣ ಮಗ್ಗುಲು ಬಿಟ್ಟು ಈ ಕಡೆ ಬರಲೇ ಇಲ್ಲ. ಉಂಡೆದ್ದ ನೆಂಟರಿಗೆ ಮತ್ತೆ ಎಲೆ ಹಾಕಿದಂತಾಯಿತು. ರಂಗರಾಜು ಬಾ ಬಾ ಎಂದು ಕರೆದ, ಬಗ್ಗಿ ಬೆರಳಿನಿಂದ ನೀರು ಅಲ್ಲಾಡಿಸಿ ತೋರಿಸಿದ, ಒಂದು ಕೋಳಿಯನ್ನು ಹಿಡಿದು ತಂದು ತಟ್ಟೆಯ ಮುಂದೆ ಬಿಟ್ಟ. ಅದು ತಟ್ಟೆಯ ಅಂಚಿನಲ್ಲಿ ನಿಂತು ಪಿಕ್ಕೆ ಹಾಕಿತು.

ಯಾರೋ ನೀರು ಕುಡಿಸಿದ್ದಾರೆ. ಇದರಲ್ಲಿ ಅನುಮಾನವೇ ಇಲ್ಲ. ಯಾರು ಎಂಬುದರಲ್ಲೂ ರಂಗರಾಜುವಿಗೆ ಅನುಮಾನವಿರಲಿಲ್ಲ.

"ಅವ್ವ, ನಿಜ ಹೇಳ್ಬುಡು. ಯಾವಾಗ ಕೊಟ್ಟೆ?"

ಮಲ್ಲಿಗಮ್ಮ ತಾನಲ್ಲ ಅಂದಳು. ರಂಗರಾಜು ಕೇಳಲಿಲ್ಲ. ನಾನು ಅಡುಗೆಮನೆಗೆ ಹೋದಾಗ ನೀನು ಶೆಡ್ಡಿಗೆ ಹೋಗಿರಬೇಕು, ಜಾಲರಿಯ ಸಂದಿಯಿಂದ ಸುರಿದಿರಬೇಕು, ನಿನ್ನ ಈ ಹಾಳು ಕರುಣೆಯಿಂದ ನನ್ನ ಬಾಳು ಹಾಳಾಯಿತು, ಇವತ್ತಿಗೆ ನನ್ನ ಕತೆ ಮುಗಿಯಿತು, ನಾಳೆಯಿಂದ ನಾನು ಮಂಡಿಯಲ್ಲಿ ಚೀಲ ಎಣಿಸಬೇಕು, ನಿನಗೆ ಸಮಾಧಾನವಾಯಿತಾ ಎಂದೆಲ್ಲ ಕೂಗಾಡಿದ. ಮಂಡಿಯ ಯಜಮಾನ ಅಲ್ಲೇ ನಿಂತಿದ್ದಾನೆಂಬುದನ್ನೂ ಮರೆತ. ಮಲ್ಲಿಗಮ್ಮ ಅವನ ಹತ್ತಿರ ಬಂದು ಮುಖವೆತ್ತಿ ನಿಂತಳು.

"ನನ್ ತುಟಿ ನೋಡ್ಲಾ ರಂಗ. ಒಣಗಿ ಸಿಪ್ಪೆ ಎದ್ದದೆ. ಅವಕ್ಕೆ ಕೊಟ್ಟಿದ್ರೆ ನಾನೂ ಒಂದು ಗುಟುಕು ಕುಡೀತಿರ್ಲಿಲ್ವಾ? ಮನೆಗ್ ಬಂದೋನ್ಗೇ ಇಲ್ಲ ಅಂದಿವ್ನಿ."

ಅವಳ ಕಣ್ಣು ತುಂಬಿತ್ತು. ಆದರೆ ಒಂದು ಸಲ ಕೂಗಾಡಲು ಶುರು ಮಾಡಿದ ಗಂಡಸಿಗೆ ನಿಲ್ಲಿಸುವ ಜಾಗ ಬೇಗ ಸಿಗುವುದಿಲ್ಲ. ಹೆಂಡತಿಯ ಕಡೆ ತಿರುಗಿದ. ಬೀಗದ ಕೈ ನಿಮ್ಮ ಉಡುದಾರದಲ್ಲೇ ಇತ್ತಲ್ಲ ಎಂದು ಅವಳು ತಣ್ಣಗೆ ಹೇಳಿದಳು. ಅಷ್ಟರಲ್ಲಿ ಶೆಡ್ಡಿನ ಪಡುವಣ ಮಗ್ಗುಲಿಂದ ನೀಲಕಂಠಸ್ವಾಮಿ ಕರೆದದ್ದು ಕೇಳಿಸಿತು. ತಾಯಿ ಮಗನ ಜಗಳ ನೋಡಲಾರದೆ ಅವನು ಯಾವಾಗಲೋ ಆ ಕಡೆ ಸರಿದಿದ್ದ.

"ರಂಗರಾಜು, ಇಲ್ಲಿ ಬಾ. ನಿನ್ನ ಕೋಳಿಗೆ ಸಾಲಾಗಿ ನಲ್ಲಿ ಹಾಕ್ಸಿದ್ದೀಯಲ್ಲ."

ಬಾಯಾರಿದವನ ಕಿವಿಗೆ ನೀರಿನ ಸದ್ದು ಎಲ್ಲಿಂದಲೋ ಕೇಳಿಸುತ್ತದೆ. ಗೋಣಿತಾಟುಗಳ ಕೆಳ ಅಂಚು ಜಾಲರಿಗೆ ಅಂಟಿಕೊಂಡಿತ್ತು. ಉದ್ದಕ್ಕೂ ಅಂಚಿನಿಂದ ಒಳಕ್ಕೆ ತೊಟತೊಟ ನೀರು. ಅದರ ಕೆಳಗೆ ಈ ತುದಿಯಿಂದ ಆ ತುದಿಯ ತನಕ ಕೋಳಿಗಳು ಹೆಗಲಿಗೆ ಹೆಗಲು ಕೊಟ್ಟು ನಿಂತು, ಕತ್ತು ಮೇಲೆತ್ತಿ, ಹನಿ ಬಿದ್ದಂತೆ ಹಿಡಿದು ನುಂಗುತ್ತಿದ್ದವು. ಕುಡಿದು ಸಾಕಾದದ್ದು ಹಿಂದೆ ಸರಿದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತಿತ್ತು. ನ್ಯಾಯಬೆಲೆ ಅಂಗಡಿಯಲ್ಲೂ ಅಷ್ಟು ಶಿಸ್ತು ಕಾಣುವುದಿಲ್ಲ. ನೀಲಕಂಠಸ್ವಾಮಿಯೂ ಆ ಸಾಲಿನ ಪಕ್ಕದಲ್ಲೇ, ಜಾಲರಿಯ ಈಚೆ, ಆಸೆಯಿಂದ ನೋಡುತ್ತ ನಿಂತಿದ್ದ.

ತಾಟಿಗೆ ನೀರು ಹೊಡೆದವರು ಯಾರು ಎಂದು ಶಿವರಂಜಿನಿ ಕೇಳಿದಳು. ಗೊತ್ತಿದ್ದೇ ಕೇಳಿದಳು. "ನಾನೇ" ಅಂದ ರಂಗರಾಜು. ಆ ಮಾತು ಅಷ್ಟು ಸಣ್ಣ ದನಿಯಲ್ಲಿ ಅವನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದ. ಬಾಯಿಬಿಡಲಿಲ್ಲವಾಗಿ ಅವ್ವನ ಮುಂದೆ ಹೋಗಿ ನಿಂತು, ತಪ್ಪಾಯಿತು ಅಂದ. ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು, ಅಳುವೂ ಬಂದಿತ್ತು. ಮಲ್ಲಿಗಮ್ಮ ಅವನ ತೋಳು ಹಿಡಿದು ಶೆಡ್ಡಿನ ಕಡೆ ತಳ್ಳಿದಳು.

"ತಪ್ಪು ಗಿಪ್ಪು ಆಮೇಲೆ ಮಾತಾಡನ. ಮೊದ್ಲು ಅವು ಕುಡಿಯ ದಾರಿ ನೋಡ್ಲಾ. ನಂಗೂ ಬಾಯಾರ್ದೆ."

ದಾರಿ ನೋಡಿದ್ದು ಶಿವರಂಜಿನಿ. ಔಷಧಿ ಇನ್ನೆಷ್ಟು ಹೊತ್ತು ಬದುಕಿರುತ್ತದೆ ಎಂದು ಗಂಡನನ್ನು ಕೇಳಿದಳು, ಹೆಚ್ಚೆಂದರೆ ಇನ್ನೊಂದು ಗಂಟೆ ಅಂದ. (ಆ ದಿನ ಅವನು ಕೊಟ್ಟ ಒಂದೇ ಒಂದು ಸರಿಯಾದ ಉತ್ತರ.) ಕದಡಿ ಹೊಲಸಾದ ಒಂದು ತಟ್ಟೆಯ ನೀರನ್ನು ಚೆಲ್ಲಿಸಿ, ಉಳಿದ ತಟ್ಟೆಗಳದನ್ನೆಲ್ಲ ಮತ್ತೆ ಬಕೆಟ್ಟಿಗೆ ಸುರಿಸಿ, ಬಕೆಟ್ಟನ್ನು ನೆರಳಿಗೆ ತಂದು ಫ್ಲಾಸ್ಕಿನಲ್ಲಿ ಉಳಿದಿದ್ದ ಐಸನ್ನು ಸುತ್ತಲೂ ಒತ್ತಿ ಮುಚ್ಚಿಟ್ಟಳು. ಅಣ್ಣನೂ ಗಂಡನೂ ಸೇರಿ ಗೋಣಿತಾಟುಗಳನ್ನು ಕಿತ್ತು ದೂರ ಎಸೆಯುವಂತೆ ಮಾಡಿದಳು. ಮಲ್ಲಿಗಮ್ಮ ನೆನೆದ ಹೊಟ್ಟನ್ನು ಬುಟ್ಟಿಗೆ ಬಾಚಿ ಹೊರಗೆ ಹಾಕಿದಳು. ಆಮೇಲೆ ಶಿವರಂಜಿನಿ ಒಣ ಫೀಡಿನ ಚೀಲವನ್ನು ಎಳೆದು ತಂದು ಒಳಗೆ ಹೋದಳು. ಬಳೆ ಸದ್ದಾಯಿತು, ಆರುನೂರೂ ಎದ್ದವು. ಹಿಟ್ಟಿನಂಥ ಒಣ ಫೀಡನ್ನು ಅವು ಮುಗಿಬಿದ್ದು ತಿಂದವು. ಒಣ ಹಿಟ್ಟು ತಿಂದ ಮೇಲೆ ನೀರು ಬೇಡವೆನ್ನುವ ಪ್ರಾಣಿ ಈ ಭೂಮಿಯ ಮೇಲಿಲ್ಲ.

ಸ್ವಲ್ಪ ಹೊತ್ತು ಕಾದು ತಟ್ಟೆಗಳನ್ನು ಮತ್ತೆ ಇಟ್ಟರು. ನಾಲ್ವರೂ ಜಾಲರಿ ಹಿಡಿದು ನಿಂತರು. ಒಂದು ಕೋಳಿ ಬಂತು, ಕೊಕ್ಕು ಅದ್ದಿತು, ತಲೆಯೆತ್ತಿ ನುಂಗಿತು, ಮತ್ತೆ ಅದ್ದಿತು. ನೋಡುತ್ತಿದ್ದಂತೆ ತಟ್ಟೆಗಳ ಸುತ್ತ ನೂಕುನುಗ್ಗಲು. ಅವು ತಲೆಯೆತ್ತಿ ನುಂಗಿದಾಗಲೆಲ್ಲ ನೀಲಕಂಠಸ್ವಾಮಿಯ ಗಂಟಲೂ ಮೇಲೆ ಕೆಳಗೆ ಆಡುತ್ತಿತ್ತು. ಕೊನೆಯ ತಟ್ಟೆಯ ತಳ ಕಂಡಾಗ ರಂಗರಾಜು ಹೆಂಡತಿಯ ಮುಖ ನೋಡಿದ. ಅವಳು ನಕ್ಕಳು. ಗುಂಡಿ ಮುಚ್ಚಿದ ದಿನದಿಂದ ಅವಳು ನಕ್ಕದ್ದನ್ನು ಅವನು ನೋಡಿರಲಿಲ್ಲ. ಅಷ್ಟರಲ್ಲಿ ನೀಲಕಂಠಸ್ವಾಮಿ ಅಡುಗೆಮನೆಯ ಕೊಡದ ಹತ್ತಿರ ಇದ್ದ. ಚೆಂಬು ಹುಡುಕುವ ತಾಳ್ಮೆ ಅವನಿಗಿರಲಿಲ್ಲ, ಕೊಡವನ್ನೇ ಎತ್ತಿದ.

ಮುಂದಿನ ವಾರಗಳಲ್ಲಿ ಕೊಕ್ಕರೆ ರೋಗ ಅಕ್ಕಪಕ್ಕದ ಊರುಗಳನ್ನೆಲ್ಲ ಸುತ್ತಿ ಹೋಯಿತು. ರಂಗರಾಜು ದಿನಾ ಬೆಳಗ್ಗೆ ಎದ್ದವನೇ ಶೆಡ್ಡಿಗೆ ಓಡಿ, ಯಾವುದರ ಕತ್ತಾದರೂ ವಾರೆಯಾಗಿದೆಯೇ ಎಂದು ತನ್ನ ಕತ್ತು ವಾರೆ ಮಾಡಿ ನೋಡುತ್ತಿದ್ದ. ಒಂದಕ್ಕೂ ಏನೂ ಆಗಲಿಲ್ಲ. ಬತ್ತೇರಿಯ ಜೀಪು ಬಂತು, ಕೋಳಿಗಳನ್ನು ತುಂಬಿಕೊಂಡು ಹೋಯಿತು. ಅಂದಿನಿಂದ ರಂಗರಾಜುವಿನ ಎದೆ ಒಂದಿಷ್ಟು ಮುಂದೆ ಬಂತು. ಗೋಣಿತಾಟಿನ ಪ್ರಸಂಗ ಅವನ ಬಾಯಲ್ಲಿ ಮೆಲ್ಲಮೆಲ್ಲಗೆ ಸವೆದು, ಕೊನೆಗೆ ಸಂಪೂರ್ಣ ಮಾಯವಾಗಿ, ವೈಜ್ಞಾನಿಕ ಕ್ರಮ ಎಂಬ ಎರಡು ಪದ ಉಳಿದವು.

ಜೀಪು ಹೋದ ವಾರದ ಭಾನುವಾರ ನೀಲಕಂಠಸ್ವಾಮಿ ಬಂದ. ಈ ಸಲ ಮಲ್ಲಿಗಮ್ಮ ಆಟೋದ ಹತ್ತಿರಕ್ಕೇ ಚೆಂಬು ಹಿಡಿದು ಹೋಗಿದ್ದಳು. ಎಲ್ಲರೂ ಕಾಫಿಗೆ ಕೂತಾಗ ರಂಗರಾಜು ಗಂಟಲು ಸರಿಪಡಿಸಿಕೊಂಡು, ಒಪ್ಪಂದದ ಪ್ರಕಾರ ಕೋಳಿಗಳು ಉಳಿದವು, ಶೆಡ್ಡಿಗೆ ಬೀಗ ಬೀಳುವ ಪ್ರಶ್ನೆಯಿಲ್ಲ, ಮಂಡಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಭಾವ ಎಂದು ಗಂಭೀರವಾಗಿ ಘೋಷಿಸಿದ. ನೀಲಕಂಠಸ್ವಾಮಿ ತಂಗಿಯ ಕಡೆ ನೋಡಿದ. ಅವಳು ಲೋಟ ಕೆಳಗಿಟ್ಟಳು.

"ಶೆಡ್ಡಿಗೆ ಬೀಗ ಯಾಕೆ ಹಾಕ್ಬೇಕು, ನಾನು ನಡೆಸ್ತೀನಿ. ಈ ಬ್ಯಾಚು ಉಳೀತು ನಿಜ. ಮುಂದಿನದೂ ಉಳೀಬೇಕಲ್ಲ ರೀ. ಅದಕ್ಕೇ ನೀವು ಮಂಡಿಗೆ ಹೋಗಿ."

ಇದು ಯಾವ ಸೀಮೆಯ ನ್ಯಾಯ? ಸೋತರೂ ಮಂಡಿ, ಗೆದ್ದರೂ ಮಂಡಿ. ರಂಗರಾಜು ಅವ್ವನ ಕಡೆ ತಿರುಗಿದ. ಹೆತ್ತ ಕರುಳು, ಅದರಲ್ಲೂ ಜೀವ ಅಂದರೆ ಕರಗುವ ಕರುಳು, ಮಗನ ಕೈ ಬಿಟ್ಟೀತೇ ಎಂದು ಆಸೆಯಿಂದ ನೋಡಿದ. ಮಲ್ಲಿಗಮ್ಮ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, ತಲೆ ಸವರಿದಳು.

"ಓಗ್ಬಾ ಮಗ. ಅಲ್ಲಿರದು ಅರಿಸ್ನ. ನೀನು ಏನ್ ಮಾಡುದ್ರೂ ಸಾಯಕಿಲ್ಲ."

ಸೋಮವಾರ ಬೆಳಗ್ಗೆ ರಂಗರಾಜು ಇಸ್ತ್ರಿ ಅಂಗಿ ತೊಟ್ಟು ಚಾಮರಾಜನಗರದ ಬಸ್ಸು ಹತ್ತಿದ. ಕಿಟಕಿ ಪಕ್ಕ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಅವನು ತನ್ನನ್ನು ತಾನೇ ಬೈದುಕೊಂಡ, ಆಮೇಲೆ ತನಗೆ ತಾನೇ ನಗು ಬಂತು. ಆರುನೂರು ಜೀವ ಉಳಿಸಲು ಮನೆಯವರಿಗೆ ಕೊನೆಗೂ ಸರಿಯಾದ ಲಸಿಕೆ ಗೊತ್ತಾಗಿತ್ತು, ಅದು ತನ್ನನ್ನು ಊರಾಚೆ ಇಡುವುದು. ಕಂಡಕ್ಟರ್ ಪರಿಚಯದವನು. ಟಿಕೆಟ್ ಹರಿದು ಕೊಡುತ್ತ, ಕೋಳಿಗಳೆಲ್ಲ ಹೆಂಗವೆ ರಂಗರಾಜಣ್ಣ ಎಂದು ವಿಚಾರಿಸಿದ.

"ಇನ್ಮೇಲೆ ಚೆನ್ನಾಗಿರ್ತವೆ ಕಣಯ್ಯ," ಅಂದ ರಂಗರಾಜು, "ನಾನು ಇಲ್ಲಿ ಬಂದಿವ್ನಲ್ಲ."